ನೀವಿಲ್ಲದಾಗಿನ ಅಮ್ಮ

ಅಪ್ಪನಿಗೆ ನಮಸ್ಕಾರ.

ಅಮ್ಮನ ಮರೆವಿನ ಬಗ್ಗೆ ನೀವು ಬರೆದ ಪುಸ್ತಕ ತಲುಪಿತು, ಪೂರ್ತಿ ಓದಿದೆ. ನೋಡುವವನೂ ನೋಟದ ಒಂದು ಭಾಗ, ಅವನನ್ನು ಹೊರಗಿಟ್ಟು ಯಾರ ಮನಸ್ಸನ್ನೂ ಅಳೆಯಲಾಗದು ಎಂದು ಮುನ್ನುಡಿಯಲ್ಲಿ ಹೇಳಿದ್ದೀರಿ. ತರಗತಿಯಲ್ಲೂ ಜೀವನವಿಡೀ ಅದನ್ನೇ ಪಾಠ ಮಾಡಿದಿರಿ. ಆದರೆ ಆಮೇಲಿನ ಪುಟಗಳಲ್ಲಿ ಅಮ್ಮ ಒಬ್ಬಳೇ ಇದ್ದಾಳೆ. ನೀವು ಎಲ್ಲೂ ಇಲ್ಲ.

ಪ್ರತಿ ಭಾನುವಾರ ನೀವು ನನ್ನ ಮನೆಗೆ ಬಂದು, ಕ್ಯಾಮೆರಾ ಜೋಡಿಸಿಕೊಂಡು, ನನ್ನತ್ತ ಬೆರಳು ಮಾಡಿ, "ಇವಳು ಯಾರು, ಹೇಳು ನೋಡೋಣ" ಎನ್ನುತ್ತಿದ್ದಿರಿ. ಅಮ್ಮ ಹೊದಿಕೆಯ ಅಂಚು ಹಿಂಡುತ್ತ ಸುಮ್ಮನಿರುತ್ತಿದ್ದಳು. ಮಗಳ ಗುರುತೂ ಅಳಿಸಿಹೋಗಿದೆ ಎಂದು ನೀವು ಬರೆದುಕೊಂಡಿರಿ. ನಿಮ್ಮ ಕಾರು ಹೊರಟ ಮೇಲೆ ಅವಳೇ ನನ್ನನ್ನು ಕರೆಯುತ್ತಿದ್ದಳು.

"ಪುಟ್ಟಿ, ಮೇಷ್ಟ್ರು ಹೋದ್ರಾ? ನೀನು ಯಾರು ಅಂತ ನಂಗೆ ಗೊತ್ತಿತ್ತು ಕಣೇ. ತಪ್ಪಾದ್ರೆ ಬೈತಾರೆ ಅಂತ ಬಾಯೇ ಬರ್ಲಿಲ್ಲ."

ಅವಳು ಮರೆತದ್ದು ನಿಮ್ಮನ್ನು, ಅಪ್ಪ. ಪರೀಕ್ಷೆ ಮಾಡಲು ಬರುವ ಯಾರೋ ಮೇಷ್ಟ್ರು ಎಂದುಕೊಂಡಿದ್ದಾಳೆ. ಇದನ್ನು ಫೋನಿನಲ್ಲಿ ಹೇಳಿದಾಗ, "ನಾನು ಕಣ್ಣಾರೆ ನೋಡದ್ದನ್ನ ಹೇಗಮ್ಮ ಬರೀಲಿ?" ಎಂದಿರಿ. ಅದನ್ನು ನೀವು ಎಂದೂ ನೋಡಲಾರಿರಿ. ನೀವು ಒಳಗೆ ಬಂದರೆ ಆ ಅಮ್ಮ ಅಲ್ಲಿರುವುದಿಲ್ಲ.

ಪುಸ್ತಕ ತಿದ್ದಿ ಎಂದು ಕೇಳುತ್ತಿಲ್ಲ. ನಿಮ್ಮ ಕ್ಯಾಮೆರಾ, ಸ್ಟ್ಯಾಂಡು ಎರಡನ್ನೂ ಕೆಳಮನೆಯವರ ಹತ್ತಿರ ಕೊಟ್ಟಿದ್ದೇನೆ, ಯಾರನ್ನಾದರೂ ಕಳಿಸಿ ತರಿಸಿಕೊಳ್ಳಿ. ದಯವಿಟ್ಟು ನೀವು ಮೆಟ್ಟಿಲು ಹತ್ತಬೇಡಿ. ಪರೀಕ್ಷೆ ಮುಗಿಯಿತು, ನೀನು ಪಾಸಾದೆ ಎಂದು ಅಮ್ಮನಿಗೆ ಹೇಳಿದ್ದೇನೆ. ಆವತ್ತಿನಿಂದ ಹೊಟ್ಟೆ ತುಂಬ ಉಣ್ಣುತ್ತಿದ್ದಾಳೆ.

ಇಂತಿ,
ನಿಮ್ಮ ಮಗಳು