ಬೇರೆ ನಂಬರಿನ ಒರೆ

ಒರೆ ಓದುವ ಯಜಮಾನರಿಗೆ,

ಅತ್ತೆಯ ಮೊಣಕಾಲು ನೋವು ವಾಸಿ. ಅಡುಗೆಮನೆಯ ನಲ್ಲಿ ಮಾತ್ರ ಇನ್ನೂ ಸೋರುತ್ತಿದೆ.

ಬರೆದದ್ದು ಕೆಲಸದ ವಿಷಯಕ್ಕೆ. ನಮ್ಮ ಸಂಗ್ರಹಾಲಯಕ್ಕೆ ಹಳೆಯ ಕುದುರೆ ದಳದ ಕತ್ತಿಯೊಂದು ಬಂದಿದೆ. ಹಿಡಿಯ ಮೇಲೆ ಒಂದು ದಳದ ನಂಬರು, ಒರೆಯ ಮೇಲೆ ಇನ್ನೊಂದರದು. ಮೇಲಧಿಕಾರಿ ನೋಡಿ, "ಇವೆರಡೂ ಜೋಡಿಯಲ್ಲಮ್ಮ, ಬೇರೆ ಬೇರೆ ಕಪಾಟಲ್ಲಿ ಇಟ್ಬಿಡು" ಅಂದರು.

ನನಗೆ ಹಾಗನ್ನಿಸಲಿಲ್ಲ. ಕಬ್ಬಿಣದ ಒರೆಯ ಬಾಯಿ ಒಂದು ಕಡೆ ನೆಗ್ಗಿದೆ. ಅಲಗಿನ ಉದ್ದಕ್ಕೂ ಸರಿಯಾಗಿ ಅದೇ ಕಡೆ ಉಜ್ಜಿದ ಗೆರೆಯಿದೆ, ಅದೂ ಸವೆದು ನುಣುಪಾಗಿದೆ. ಹುಟ್ಟಿದ್ದು ಬೇರೆ ಕಡೆಯಾದರೂ ಒಂದನ್ನೊಂದು ಉಜ್ಜಿಕೊಂಡೇ ಎಷ್ಟೋ ವರ್ಷ ಒಟ್ಟಿಗೆ ಬಾಳಿವೆ.

ಯಾವುದೋ ಕಠಾರಿ ಯಾವ ಕಾಲದ್ದೆಂದು ನಾವಿಬ್ಬರೂ ಜಗಳವಾಡಿ, ನೀವು ಆ ಊರಿನ ಸಂಗ್ರಹಾಲಯಕ್ಕೆ ವರ್ಗ ಮಾಡಿಸಿಕೊಂಡಾಗ ಅತ್ತೆ ಹೇಳಿದ್ದು ನೆನಪಿದೆಯೇ? "ಒಂದೇ ಒರೇಲಿ ಎರಡು ಕತ್ತಿ ಹಿಡಿಸಲ್ಲ ಕಣೋ." ಆಗ ನಾನೂ ತಲೆಯಾಡಿಸಿದ್ದೆ. ಇಬ್ಬರೂ ಕತ್ತಿಗಳೇ ಆಗಿರಬೇಕಿಲ್ಲ ಎಂದು ಈಗ ಹೊಳೆಯಿತು.

ಅಲಗು ನಾನು ಓದಬಲ್ಲೆ, ಒರೆಗೆ ನಿಮ್ಮ ಕಣ್ಣೇ ಬೇಕು. ಫೋಟೊ ಕಳಿಸುವುದಿಲ್ಲ. ಸವೆತ ಬೆರಳಿಗೇ ಗೊತ್ತಾಗಬೇಕು ಎನ್ನುವವರು ನೀವೇ ತಾನೆ. ಬರುವಾಗ ನಲ್ಲಿಗೊಂದು ವಾಷರ್ ತನ್ನಿ.

ಎರಡನೇ ಕಪಾಟಿನ ಕೀಲಿಕೈ ಕಳೆದಿದೆ ಎಂದು ಮೇಲಧಿಕಾರಿಗೆ ಹೇಳಿ, ಕತ್ತಿ, ಒರೆ ಎರಡನ್ನೂ ಒಂದರಲ್ಲೇ ಇಟ್ಟಿದ್ದೇನೆ. ಕೀಲಿಕೈ ನನ್ನ ಚೀಲದಲ್ಲೇ ಇದೆ.

ಇಂತಿ,
ಅಲಗು ಓದುವವಳು