ಮಿಸ್ ಗ್ಲೆನ್ನಾರ ಗಾಜಿನ ಪಾತ್ರೆ

ಸೆಪ್ಟೆಂಬರ್ 30, ಬೆಳಿಗ್ಗೆ 5:20

ಎದೆಹಾಲಿನ ಪಂಪಿನ ಬಿಡಿಭಾಗ ತೊಳೆದಿಟ್ಟೆ. ಬಾಟಲಿ ಆರು, ಮುಚ್ಚಳ ಐದು. ಆರನೆಯದು ಎಲ್ಲಿ ಹೋಯಿತೋ. ಐಡಾ ಎರಡಕ್ಕೆ ಎದ್ದಳು, ಮೂರೂಕಾಲಿಗೆ ಎದ್ದಳು. ನಾಲ್ಕಕ್ಕೆ ಅವಳು ಏಳಲಿಲ್ಲ ಅಂತ ನಾನು ಎದ್ದು ಉಸಿರಾಡುತ್ತಿದ್ದಾಳಾ ನೋಡಿದೆ. ಆಡುತ್ತಿದ್ದಳು. ಮತ್ತೆ ನೋಡಿದೆ. ಹಾಸಿಗೆಯ ಆಚೆ ಬದಿ ರೋಲಂಡನದು ಗೊರಕೆ.

ಇಂದಿನ ಕೆಲಸ — ಲಸಿಕೆಗೆ ದಿನ ಕೇಳುವುದು. ಡೈಪರ್. ಮಿಸ್ ಗ್ಲೆನ್ನಾರ ಪಾತ್ರೆ ವಾಪಸ್ ಕೊಡುವುದು. ಈ ಸಾಲನ್ನು ಬರೆಯುತ್ತಿರುವುದು ಐದನೆಯ ವಾರ. ಆಸ್ಪತ್ರೆ ಮುಗಿಸಿ, ಅಮ್ಮನ ಮನೆ ಮುಗಿಸಿ, ಆಗಸ್ಟಿನಲ್ಲಿ ಕೊನೆಗೂ ನಮ್ಮ ಮನೆಗೆ ಬಂದಾಗ ಚರ್ಚಿನವರು ಸರದಿ ಹಾಕಿಕೊಂಡು ಊಟ ತಂದರು. ಮೊದಲ ಸರದಿ ಮಿಸ್ ಗ್ಲೆನ್ನಾರದು. ಗಾಜಿನ ಪಾತ್ರೆಯ ತುಂಬ ಕೋಳಿ, ಅನ್ನ. ಬಾಗಿಲಲ್ಲೇ ಐಡಾಳನ್ನು ಎತ್ತಿಕೊಂಡು "ಇಷ್ಟೇ ಇಷ್ಟಾ ನೀನು" ಅಂದು ಅತ್ತೇಬಿಟ್ಟರು.

ಪಾತ್ರೆ ಖಾಲಿ ಕೊಡುವಂತಿಲ್ಲ. ಸಿಹಿಗೆಣಸಿನದು ಏನಾದರೂ ಮಾಡಬೇಕು. ಯಾವ ಕೈಯಲ್ಲಿ?

ಅಕ್ಟೋಬರ್ 4, ಮಧ್ಯಾಹ್ನ

ಅಮ್ಮನ ಫೋನು. "ನಿನಗೊಂದು ಕಾಗದ ಇಲ್ಲಿಗೆ ಬಂದಿದೆ ಕಣೇ. ನಿಮ್ಮ ಕೌಂಟಿ ಚುನಾವಣಾ ಮಂಡಳಿ ಅಂತ ಇದೆ. ಒಡೀಲಾ?"

"ಒಡಿ."

ಓದುತ್ತಾ ಓದುತ್ತಾ ಅಮ್ಮನ ದನಿ ಚಪ್ಪಟೆಯಾಯಿತು. ಅರ್ಧಕ್ಕೇ ನಿಲ್ಲಿಸಿ, "ಬರ್ತಿದೀನಿ" ಅಂದಳು. ನಲವತ್ತು ನಿಮಿಷದ ದಾರಿ ಮೂವತ್ತಕ್ಕೆ ಬಂದಳು.

ಈಗ ಕಾಗದ ಮುಂದಿದೆ. ನಾನು ಈ ವಿಳಾಸದಲ್ಲಿ ವಾಸವಿಲ್ಲ, ಮತದಾರರ ಪಟ್ಟಿಯಿಂದ ತೆಗೆಯಬೇಕು ಅಂತ ಕೌಂಟಿಯ ಒಬ್ಬ ಮತದಾರರು ತಕರಾರು ಹಾಕಿದ್ದಾರೆ. ಅವರ ಪಟ್ಟಿಯಲ್ಲಿ 412 ಹೆಸರು. ನನ್ನದು 287. ಆಧಾರ — ಅಂಚೆ ಕಚೇರಿಯ ವಿಳಾಸ ಬದಲಾವಣೆ ದಾಖಲೆ. ವಿಚಾರಣೆ ಹದಿನಾರಕ್ಕೆ, ಮಧ್ಯಾಹ್ನ ಎರಡಕ್ಕೆ. ಬರದಿದ್ದರೆ ಹೆಸರು ಹೋಗುತ್ತದೆ. ಚುನಾವಣೆ ನವೆಂಬರ್ ಐದಕ್ಕೆ. ತಕರಾರುದಾರರು ಆಗಸ್ಟ್ 19ರಂದು ಪ್ರಮಾಣ ಮಾಡಿ ಸಹಿ ಹಾಕಿದ್ದಾರೆ.

ಗ್ಲೆನ್ನಾ ಆರ್. ಪರ್ವಿಸ್.

ಬೇರೆ ಯಾರೋ ಇರಬೇಕು ಅಂದುಕೊಂಡೆ. ಎದ್ದು ಹೋಗಿ ಪಾತ್ರೆ ಮಗುಚಿದೆ. ತಳದಲ್ಲಿ ಬಿಳಿ ಟೇಪು, ಮೇಲೆ ನೀಲಿ ಶಾಯಿ. ಜಿ. ಆರ್. ಪರ್ವಿಸ್.

ಅದೇ ದಿನ, ಸಂಜೆ

ಇದನ್ನು ಇಲ್ಲಿ ಮಾತ್ರ ಬರೆಯುತ್ತೇನೆ. ಐಡಾ ದಿನ ತುಂಬದೆ ಹುಟ್ಟಿ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದಾಗ "ಟಪಾಲೆಲ್ಲ ಅಮ್ಮನ ಮನೆಗೆ ಬರೋ ಹಾಗೆ ಅರ್ಜಿ ಹಾಕು" ಅಂದಿದ್ದ ರೋಲಂಡ್. ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತು ಫೋನಿನಲ್ಲೇ ತುಂಬಿದೆ. ತಾತ್ಕಾಲಿಕ, ಶಾಶ್ವತ — ಎರಡು ಆಯ್ಕೆ. ಒತ್ತಿದ್ದು ನೆನಪಿದೆ. ಯಾವುದು ಅಂತ ನೆನಪಿರಲಿಲ್ಲ.

ಈಗ ತೆಗೆದು ನೋಡಿದೆ. ಶಾಶ್ವತ.

ಅಕ್ಟೋಬರ್ 6

ರೋಲಂಡನ ತಮ್ಮ ಕ್ವಿನ್ಸಿ ವಯೋಮಿಂಗಿನಿಂದ ಫೋನ್ ಮಾಡಿದ್ದ. ರೈಲ್ವೆ ಕೆಲಸ, ಭಾನುವಾರ ರಜೆ, ಬಾಯಿಗೆ ಬಿಡುವಿಲ್ಲ.

"ಅತ್ತಿಗೆ, ಸುಮ್ಮನೆ ಇಲ್ಲಿಗೆ ಬಂದುಬಿಡಿ. ಈ ಹಿಡಿ ಜನದ ರಾಜ್ಯಕ್ಕೂ ಅಧ್ಯಕ್ಷರನ್ನ ಆರಿಸೋ ಮೂರು ಎಲೆಕ್ಟರ್ ಮತ ಕೊಟ್ಟಿದಾರೆ, ಲೆಕ್ಕ ಹಾಕಿದ್ರೆ ನನ್ನ ಒಂದು ಓಟು ನಿಮ್ಮ ಮೂರೂವರೆಗೆ ಸಮ."

"ಆ ಮೂರೂವರೆ ಇಟ್ಕೊಂಡು ಏನ್ ಮಾಡ್ತೀಯ?" ಅಂದ ರೋಲಂಡ್. "ನಿಮ್ಮಲ್ಲಿ ಯಾರು ಗೆಲ್ತಾರೆ ಅಂತ ಕಂಬಕ್ಕೂ ಗೊತ್ತು. ನಿನ್ನ ಬಾಗಿಲು ತಟ್ಟಿದೋರು ಯಾರಿದಾರೆ?"

"ಜಿಂಕೆ ಬರ್ತವೆ."

ನಗು. ನಾನು ನಗಲಿಲ್ಲ. ನಮ್ಮ ಬಾಗಿಲನ್ನು ಓಟು ಕೇಳುವವರು ದಿನಕ್ಕೆ ಮೂರು ಸಲ ತಟ್ಟುತ್ತಾರೆ, ಐಡಾ ಮಲಗಿದಾಗಲೇ. ಹೋದ ಸಲ ಇಡೀ ಜಾರ್ಜಿಯಾದಲ್ಲಿ ಹನ್ನೆರಡು ಸಾವಿರದ ಅಂತರವೂ ಇರಲಿಲ್ಲ. ಗೆದ್ದವರು ನಮ್ಮ ರಾಜ್ಯದ ಎಲೆಕ್ಟರ್ ಮತ ಹದಿನಾರಕ್ಕೆ ಹದಿನಾರೂ ಎತ್ತಿಕೊಂಡು ಹೋದರು. ಸೋತವರ ಲಕ್ಷ ಲಕ್ಷ ಓಟು ನೀರಿಗೆ ಬಿದ್ದ ಹಾಗೆ. ಇಂಥ ಕಡೆ ಒಂದು ಕೌಂಟಿಯಲ್ಲಿ ಒಬ್ಬ ಹೆಂಗಸು 412 ಹೆಸರು ಅಳಿಸಬಹುದು. ಕಾನೂನು ಪ್ರಕಾರವೇ. ಮನೆಯಲ್ಲೇ ಕೂತು.

"ಸಮಾಧಾನ ಮಾಡ್ಕೋ ಡೆಲ್" ಅಂದ ರೋಲಂಡ್. "ನಿನ್ನದು ಒಂದು ಓಟು."

"ಒಂದೇ ಇರೋದು ನನ್ನ ಹತ್ರ."

ಪಾತ್ರೆ ತೊಳೆಯಲು ಎದ್ದು ಹೋದ. ಶಾಶ್ವತದ ವಿಷಯ ಇನ್ನೂ ಹೇಳಿಲ್ಲ.

ಅಕ್ಟೋಬರ್ 10

ಸಾಕ್ಷಿ ಹುಡುಕುತ್ತಿದ್ದೇನೆ. ಕರೆಂಟ್ ಬಿಲ್ಲು, ನೀರಿನ ಬಿಲ್ಲು, ಮನೆ ಕರಾರು — ಎಲ್ಲ ರೋಲಂಡನ ಹೆಸರು. ನನ್ನ ಹೆಸರಿನ ಕಾಗದವೆಲ್ಲ ಆಸ್ಪತ್ರೆಯವು, ಎಲ್ಲ ಅಮ್ಮನ ವಿಳಾಸಕ್ಕೆ. ಕಾಲೇಜು ಓದಿದೆ, ಮದುವೆಯಾದೆ, ಹೆತ್ತೆ. ಹಳೇ ಲೈಸೆನ್ಸ್ ಬಿಟ್ಟರೆ ಈ ಮನೆಯಲ್ಲಿ ನಾನಿದ್ದೇನೆ ಅನ್ನೋದಕ್ಕೆ ಒಂದು ಚೀಟಿ ಇಲ್ಲ.

ಅಮ್ಮ ಐಡಾಳನ್ನು ಭುಜಕ್ಕೆ ಹಾಕಿಕೊಂಡು ಓಡಾಡುತ್ತಿದ್ದಳು. "ನಿನ್ನಜ್ಜಿ ಮತದಾರರ ಪಟ್ಟಿಗೆ ಹೆಸರು ಬರೆಸೋಕೆ ಹೋದಾಗ ಗುಮಾಸ್ತ ಊಟಕ್ಕೆ ಹೋಗಿದಾನೆ ಅಂದ್ರಂತೆ. ಮೂರು ದಿನ. ಮೂರು ದಿನ ಒಂದೇ ಊಟ ಮಾಡ್ತಿದ್ದ ಅವನು."

ಆಮೇಲೆ, ಅವಳೇ: "ಆದರೆ ಗ್ಲೆನ್ನಾ ಹಾಗಲ್ಲ ಕಣೇ. ನಿನ್ನಜ್ಜಿ ತೀರ್ಕೊಂಡಾಗ ನೀನು ಮೂರನೇ ಕ್ಲಾಸು, ನಾವಿನ್ನೂ ಈ ಊರಲ್ಲೇ ಇದ್ವಿ. ವಾರ ಶಾಲೆಗೆ ಹೋಗಿರಲಿಲ್ಲ. ಅವಳು ಶಾಲೆ ಕಚೇರಿಯಿಂದ ಫೋನ್ ಮಾಡಿದ್ಲು. ‘ಹುಡುಗಿ ಊರಲ್ಲಿದಾಳಾ? ಹೆಸರು ತೆಗೆಯೋ ಮುಂಚೆ ಕೇಳೋಣ ಅಂತ’ ಅಂದ್ಲು. ಒಂದೊಂದು ಮಗುವಿನ ಮನೆಗೂ ಮಾಡೋಳು."

ಅಕ್ಟೋಬರ್ 13, ಭಾನುವಾರ, ಚರ್ಚಿನಿಂದ ಬಂದು

ಕಾಫಿ ಕೋಣೆಯಲ್ಲಿ ಹಿಡಿದೆ.

"ಮಿಸ್ ಗ್ಲೆನ್ನಾ, ನನ್ನ ಮೇಲೆ ತಕರಾರು ಹಾಕಿದೀರಿ."

"ಯಾರ ಮೇಲೆ?"

"ನನ್ನ ಮೇಲೆ. ನಿಮ್ಮ ಪಟ್ಟಿಲಿ 287."

ಕನ್ನಡಕ ಮೇಲಕ್ಕೇರಿಸಿದರು. "ಅಯ್ಯೋ ಮಗಾ, ಅದು ನಿನ್ನ ಮೇಲಲ್ಲ. ಪಟ್ಟಿ ಮೇಲೆ. ಅಂಚೆಯವರ ಪಟ್ಟಿ, ಕೌಂಟಿ ಪಟ್ಟಿ, ಎರಡೂ ಕಂಪ್ಯೂಟರಿಗೆ ಹಾಕಿದ್ರೆ ಅದೇ ಹೆಸರು ಕೊಡುತ್ತೆ. ನಾನು ಸಹಿ ಹಾಕ್ತೀನಿ, ಅಷ್ಟೆ."

"ಓದಿ ಹಾಕಿದ್ರಾ?"

"ನಾನೂರು ಹೆಸರು ಯಾರು ಕೂತು ಓದ್ತಾರೆ?"

"ನಾನು ಊರು ಬಿಟ್ಟಿದೀನಿ ಅಂತ ಪ್ರಮಾಣ ಮಾಡಿದೀರಿ."

"ನೋಡು, ಮೂವತ್ತೊಂದು ವರ್ಷ ಆ ಶಾಲೆ ಹಾಜರಿ ಇಟ್ಟೋಳು ನಾನು. ಹೋದ ಮಕ್ಕಳ ಹೆಸರು ಹಾಗೇ ಬಿಟ್ರೆ ಪುಸ್ತಕ ಸುಳ್ಳು ಹೇಳುತ್ತೆ. ಊರು ಬಿಟ್ಟವನ ಹೆಸರಲ್ಲಿ ಇನ್ನೊಬ್ಬ ಬಂದು ಹಾಕಿ ಹೋದ್ರೆ ನಿನ್ನ ಓಟು ಹೊಡೆದುಹೋಯ್ತಲ್ಲ. ಅದು ನ್ಯಾಯವಾ?"

"ಹಾಗೆ ಹಾಕಿದೋರು ಎಷ್ಟು ಜನ ಸಿಕ್ಕಿದಾರೆ ನಮ್ಮ ಕೌಂಟಿಲಿ?"

"ಸಿಗದಂಗೆ ನೋಡ್ಕೊಳ್ಳೋದೇ ಕೆಲಸ." ಕೇಕಿನ ತುಂಡೊಂದು ಕೈಗಿಟ್ಟರು. "ಹದಿನಾರಕ್ಕೆ ಬಂದು ಒಂದು ಕರೆಂಟ್ ಬಿಲ್ ತೋರಿಸು. ಎರಡು ನಿಮಿಷ. ತಿನ್ನು, ತುಂಬ ಇಳಿದುಹೋಗಿದೀಯ."

ತಿಂದೆ. ಅದಕ್ಕೇ ಸಿಟ್ಟು. ನಿಂತು ಪೂರ್ತಿ ತಿಂದೆ.

ಬೀದಿಯ ಕ್ಷೌರದಂಗಡಿ ಇನ್ನೂ ಮುಚ್ಚಿದೆ. ಅಂಗಡಿಯ ಮಿಸ್ಟರ್ ಟಟಲ್ ಸೊಂಟ ಮುರಿದುಕೊಂಡು ಪಕ್ಕದ ಕೌಂಟಿಯ ಆರೈಕೆ ಮನೆಯಲ್ಲಿದ್ದಾರೆ. ಬಾಗಿಲಲ್ಲಿ ಅವರದೇ ಚೀಟಿ: ‘ಕ್ರಿಸ್‌ಮಸ್‌ಗೆ ಬರುತ್ತೇನೆ. ಅಲ್ಲಿಯವರೆಗೆ ಕೂದಲು ಬೆಳೆಸಿ.’

ಇವತ್ತಿನಿಂದ ಈ ಪುಸ್ತಕದಲ್ಲಿ ಗ್ಲೆನ್ನಾ ಪರ್ವಿಸ್ ‘ಅವರು’ ಅಲ್ಲ. ಅವಳು.

ಅಕ್ಟೋಬರ್ 15

ಪಾತ್ರೆ ಕೊಟ್ಟುಬಿಡೋಣ, ಮನೆಯಲ್ಲಿ ಕಂಡರೇ ಮೈ ಉರಿಯುತ್ತೆ ಅಂತ ಮುಚ್ಚಳ ಹುಡುಕಿದೆ. ಸಿಂಕಿನ ಕೆಳಗೆ ಸಿಕ್ಕಿತು. ಅದರ ಮೇಲೂ ಟೇಪು. ಅವತ್ತು ನೋಡಿರಲೇ ಇಲ್ಲ, ಅವತ್ತು ಹಸಿವಿತ್ತು.

‘ಆಗಸ್ಟ್ 11. ಡೆಲ್ಫೀನ್‌ಗೆ. ಮುಚ್ಚಳ ತೆಗೆದು ನಲವತ್ತು ನಿಮಿಷ ಬಿಸಿ ಮಾಡು. ಮನೆಗೆ ಬಂದೆಯಲ್ಲ, ಸಂತೋಷ. ಗ್ಲೆನ್ನಾ.’

ಹನ್ನೊಂದು. ಪ್ರಮಾಣ ಮಾಡಿದ್ದು ಹತ್ತೊಂಬತ್ತು.

ಎಂಟು ದಿನ. ಪಾತ್ರೆ, ಮುಚ್ಚಳ ಎರಡನ್ನೂ ನಾಳೆಯ ಚೀಲಕ್ಕೆ ಹಾಕಿಟ್ಟೆ.

ಅಕ್ಟೋಬರ್ 16, ಸಂಜೆ

ಕ್ರಮವಾಗಿ ಬರೆಯಬೇಕು.

412ರಲ್ಲಿ ಬಂದವರು ಹತ್ತೊಂಬತ್ತು ಜನ. ಎಣಿಸಿದೆ. ಮೇಜಿನ ಹಿಂದೆ ಮಂಡಳಿಯ ಐವರು. ಅಧ್ಯಕ್ಷನ ಮುಂದೆ ಅಡುಗೆಮನೆಯ ಗಂಟೆ, ಟಿಕ್ ಟಿಕ್ ಅನ್ನುವಂಥದ್ದು. ಒಬ್ಬರಿಗೆ ಎರಡು ನಿಮಿಷ. ಹೆಸರು ಕರೆಯುವುದಿಲ್ಲ, ನಂಬರು. ಬರದವರ ನಂಬರು ಓದಿ, "ತಕರಾರು ಒಪ್ಪಲಾಗಿದೆ", ಮುಂದಿನದು. ಒಪ್ಪಲಾಗಿದೆ. ಒಪ್ಪಲಾಗಿದೆ. ಐಡಾ ಎರಡು ಸಲ ಹಾಲು ಕುಡಿದಳು. ಮುಂದಿನ ಸಾಲಿನಲ್ಲಿ ಗ್ಲೆನ್ನಾ ಪರ್ವಿಸ್, ಮಡಿಲಲ್ಲಿ ಕೈಚೀಲ.

287.

ಲೈಸೆನ್ಸ್ ತೋರಿಸಿದೆ. "ಮೂರು ವರ್ಷ ಹಳೇದು" ಅಂದ ಅಧ್ಯಕ್ಷ. "ವಿಳಾಸ ಬದಲಾವಣೆಗೆ ಅರ್ಜಿ ಹಾಕಿದ್ದು ನೀವೇ ತಾನೇ?"

"ಮಗು ಆಸ್ಪತ್ರೆಲಿತ್ತು. ಮೂರು ತಿಂಗಳಿಗೆ ಅಂತ ಹಾಕಿದ್ದು."

"ಇಲ್ಲಿ ಶಾಶ್ವತ ಅಂತಿದೆ."

"ತಪ್ಪಾಗಿ ಒತ್ತಿದೆ."

"ನೀವೇ ಒತ್ತಿದಿರಿ."

"ನಾನೇ."

ಬೆನ್ನ ಹಿಂದೆ ರೋಲಂಡ್ ಉಸಿರು ಬಿಟ್ಟದ್ದು ಕೇಳಿಸಿತು.

ಚೀಲದಿಂದ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟೆ. "ಇದನ್ನ ಓದಿ. ಜೋರಾಗಿ." ಅಧ್ಯಕ್ಷ ಓದಲಿಲ್ಲ, ಗ್ಲೆನ್ನಾಳ ಕಡೆ ತಿರುಗಿಸಿದ. ಅವಳು ಎದ್ದು ಬಂದು ಕನ್ನಡಕ ಏರಿಸಿದಳು. ಬಹಳ ಹೊತ್ತು ನೋಡಿದಳು. ಅಷ್ಟು ಹೊತ್ತು ಓದುವಂಥದ್ದು ಅದರಲ್ಲಿ ಇರಲಿಲ್ಲ.

"ನನ್ನ ಬರಹವೇ" ಅಂದಳು.

"ನೀವು ಫೋನ್ ಮಾಡ್ತಿದ್ರಿ ಮಿಸ್ ಗ್ಲೆನ್ನಾ" ಅಂದೆ. "ಒಂದು ಹೆಸರು ತೆಗೆಯೋ ಮುಂಚೆ ಅವರ ಮನೆಗೆ ಫೋನ್ ಮಾಡ್ತಿದ್ರಿ. ನಮ್ಮನೆಗೂ ಮಾಡಿದ್ರಿ. ಮೂರು ಮನೆ ಆಚೆ ಇದೀನಿ ನಾನು, ಫೋನೂ ಬೇಡ, ಕೂಗಿದ್ರೆ ಸಾಕಿತ್ತು—"

ಗಂಟೆ ಹೊಡೆಯಿತು.

ಮೂವರು ನನ್ನ ಕಡೆ. ಇಬ್ಬರು ಇಲ್ಲ. ತಕರಾರು ವಜಾ. ಆ ಇಬ್ಬರಲ್ಲಿ ಒಬ್ಬ ಹೇಳಿದ, ಪಾತ್ರೆಯ ಮುಚ್ಚಳ ದಾಖಲೆ ಅಲ್ಲ ಅಂತ. ಸರಿ. ಓದದೆ ಹಾಕಿದ ಸಹಿ ದಾಖಲೆ.

"288. ಆಂಬ್ರೋಸ್ ಟಟಲ್" — ಈ ಒಂದು ಸಲ ಹೆಸರೂ ಓದಿದ, ಯಾಕೋ. "ಬಂದಿದಾರಾ?"

"ಅವರು ಆರೈಕೆ ಮನೆಲಿದಾರೆ, ಸೊಂಟ ಮುರಿದಿದೆ, ವಾಪಸ್ ಬರ್ತಾರೆ, ಅಂಗಡಿ ಬಾಗಿಲಲ್ಲಿ ಚೀಟಿ—"

"ಮೇಡಂ, ನಿಮ್ಮ ಎರಡು ನಿಮಿಷ ಮುಗೀತು. ಒಪ್ಪಲಾಗಿದೆ. 289."

ಆಚೆ ಬರುವಾಗ ಪಾತ್ರೆಯನ್ನು ಗ್ಲೆನ್ನಾಳ ಮಡಿಲಿಗಿಟ್ಟೆ. ಖಾಲಿ. ಮುಚ್ಚಳ ಕೊಡಲಿಲ್ಲ. ಅಮ್ಮ ನೋಡಿದ್ದರೆ ನಾಚಿಕೆಪಡುತ್ತಿದ್ದಳು. ಪಡಲಿ.

ಕಾರಿನಲ್ಲಿ ರೋಲಂಡ್: "ಶಾಶ್ವತ ಅಂತ ಒತ್ತಿದ್ದು ನನಗೆ ಹೇಳಬಹುದಿತ್ತು."

"ಹೇಳಿದ್ರೆ?"

"ಅರ್ಜಿ ಹಾಕು ಅಂದವನು ನಾನು. ಬೈಸಿಕೊಳ್ಳೋದ್ರಲ್ಲಿ ಅರ್ಧ ನನ್ನದು" ಅಂದ.

ಅಕ್ಟೋಬರ್ 17

ಮಂಡಳಿಗೆ ಫೋನ್ ಮಾಡಿದೆ. ಟಟಲ್ ಪರವಾಗಿ ನಾನು ಮಾತಾಡುವಂತಿಲ್ಲವಂತೆ, ಅವರೇ ಬರಬೇಕಂತೆ. ಅವರ ವಿರುದ್ಧ ಮಾತ್ರ ಯಾರು ಬೇಕಾದರೂ ಮಾತಾಡಬಹುದು.

ನವೆಂಬರ್ 5, ಬೆಳಿಗ್ಗೆ 9:40, ಶಾಲೆ

ಮತಗಟ್ಟೆ ನಮ್ಮ ಹಳೆಯ ಶಾಲೆಯಲ್ಲಿ. ಮುಂಚೆಯೇ ಬಂದು ಹಾಕಬಹುದಿತ್ತು, ಎರಡು ವಾರ ಐಡಾಗೆ ಶೀತ, ಒಂದು ಸಾಲೂ ಬರೆದಿಲ್ಲ. ಒಂದು ಗಂಟೆ ಸರದಿಯಲ್ಲಿ ನಿಂತೆ. ಮೇಜಿನ ಹುಡುಗಿ ಪರದೆ ನೋಡಿದಳು, ಮತ್ತೆ ನೋಡಿದಳು.

"ನಿಮ್ಮ ಹೆಸರ ಮುಂದೆ ತಕರಾರು ಅಂತ ತೋರಿಸ್ತಿದೆ ಮೇಡಂ."

"ಅದು ವಜಾ ಆಯ್ತು."

"ಇಲ್ಲಿ ಹಾಗೆ ಬಂದಿಲ್ಲ. ಬೇರೆ ಮತಚೀಟಿ ಕೊಡ್ತೀನಿ, ಅದನ್ನ ಪಕ್ಕಕ್ಕಿಟ್ಟು ಆಮೇಲೆ ತೀರ್ಮಾನ ಮಾಡ್ತಾರೆ."

ಪಕ್ಕಕ್ಕಿಡುವ ಓಟು ಬೇಡ ಅಂದೆ. ಎಲ್ಲರ ಹಾಗೆ ಹಾಕಿಯೇ ಹೋಗುವುದು ಅಂದೆ. ಮಂಡಳಿಗೆ ಫೋನ್ ಮಾಡುತ್ತೇವೆ, ಆಚೆ ಕೂತಿರಿ ಅಂದರು. ಶಾಲೆಯ ಕಚೇರಿ ಎದುರು, ಮಕ್ಕಳ ಕುರ್ಚಿ. ಮೊಣಕಾಲು ಗಲ್ಲಕ್ಕೆ ಬರುತ್ತಿದೆ. ಐಡಾ ಎದೆಗೆ ಕಟ್ಟಿದ ಬಟ್ಟೆಯಲ್ಲಿ ನಿದ್ದೆ. ಇಪ್ಪತ್ತು ನಿಮಿಷವಾಯಿತು. ಫೋನ್ ಯಾರೂ ಎತ್ತುತ್ತಿಲ್ಲವಂತೆ. ಅಜ್ಜಿಯ ಗುಮಾಸ್ತ ಇನ್ನೂ ಊಟ ಮಾಡುತ್ತಿದ್ದಾನೆ.

10:15

ಗ್ಲೆನ್ನಾ ಪರ್ವಿಸ್ ಓಟು ಹಾಕಿ ಆಚೆ ಬಂದಳು. ಕೋಟಿನ ಮೇಲೆ ‘ಮತ ಹಾಕಿದೆ’ ಚೀಟಿ. ನನ್ನನ್ನು ನೋಡಿ ನಿಂತಳು.

"ಇಲ್ಲ್ಯಾಕೆ ಕೂತಿದೀಯ ಮಗಾ?"

"ನಿಮ್ಮ 287 ಇನ್ನೂ ಹೋಗಿಲ್ಲ. ನಾನು ಇಲ್ಲಿಲ್ಲವಂತೆ."

ಐಡಾಳ ತಲೆ ನೋಡಿದಳು. ನಾನು ಮೆತ್ತಗಾಗಲಿಲ್ಲ. "ಫೋನ್ ಮಾಡಿ" ಅಂದೆ. "ಆವಾಗ ಮಾಡಬೇಕಿದ್ದದ್ದು. ಈಗ ಮಾಡಿ."

ಕಚೇರಿ ಬಾಗಿಲು ತಳ್ಳಿ ಒಳಗೆ ಹೋದಳು. ಮೂವತ್ತೊಂದು ವರ್ಷ ಕೂತ ಮೇಜು. ಕುರ್ಚಿ ಎಳೆದುಕೊಳ್ಳದೆ ನಿಂತೇ ಫೋನ್ ಎತ್ತಿದಳು. ನಂಬರು ಎಲ್ಲೂ ನೋಡಲಿಲ್ಲ, ಬಾಯಿಪಾಠ. ಅವಳಿಗಾದರೆ ಮೊದಲ ಸಲಕ್ಕೇ ಎತ್ತಿದರು.

ಬಾಗಿಲು ತೆರೆದೇ ಇದೆ. ಕೇಳಿಸುತ್ತಿದೆ. "ಪರ್ವಿಸ್. ಹೌದು, ಗ್ಲೆನ್ನಾ... 287 ವಜಾ ಆಗಿದ್ದು ನಿಮ್ಮ ಮುಂದೇನೇ... ಇದಾಳೆ. ಇಲ್ಲೇ ಇದಾಳೆ. ನನ್ನ ಕಣ್ಣೆದುರು ಕೂತಿದಾಳೆ, ಮಗು ಜೊತೆ... ಇಲ್ಲ, ಈಗಲೇ ತೆಗೀರಿ. ನಾನು ಹಿಡ್ಕೊಂಡಿರ್ತೀನಿ."

ಮೇಜಿನ ಹುಡುಗಿ ಓಡಿಬಂದಳು. ಪರದೆ ಬದಲಾಯಿತಂತೆ. ಬನ್ನಿ ಅನ್ನುತ್ತಿದ್ದಾಳೆ.

ಗ್ಲೆನ್ನಾ ನನ್ನ ಕಡೆ ನೋಡಿ ತಲೆಯಾಡಿಸಿ ಫೋನ್ ಇಡಲು ಹೋದಳು.

ಇಡಬೇಡಿ ಅಂದೆ. ಲೈನಲ್ಲೇ ಇರಲಿ ಮಿಸ್ ಗ್ಲೆನ್ನಾ. ಇನ್ನು 288, ಆಂಬ್ರೋಸ್ ಟಟಲ್, ಆರೈಕೆ ಮನೆ ನಂಬರು ನನ್ನ ಹತ್ರ ಇದೆ, ಬರ್ಕೊಳ್ಳಿ, ಏಳು, ಸೊನ್ನೆ—