ಮೊಬೈಲಿನ ಮರದ ಮೀನು

ಹಾಂಗ್‌ಝೌ, ನವೆಂಬರ್ ಒಂಬತ್ತು, ಭಾನುವಾರ

ಪ್ರೀತಿಯ ಅಜ್ಜಿಗೆ ನಿನ್ನ ವೆನ್‌ಯಿಯ ನಮಸ್ಕಾರಗಳು.

ಮೊಣಕಾಲು ನೋವು ಹೇಗಿದೆ? ಬೆಳಿಗ್ಗೆ ಗೆಣಸಿನ ಗಂಜಿ ಕುಡಿಯುತ್ತೀಯೋ, ಇಲ್ಲಾ ಪ್ರಾರ್ಥನೆ ಮುಗಿಯುವವರೆಗೆ ಬರೀ ಹೊಟ್ಟೆಯೋ? ಕಣ್ಣಿನ ವಿಷಯ ಕೇಳುವುದಿಲ್ಲ, ಗುಯಿಫೆನ್ ಅತ್ತೆ ಎಲ್ಲ ಹೇಳಿದ್ದಾಳೆ. ಅದಕ್ಕೇ ಇಷ್ಟು ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನೀನು ನನ್ನನ್ನು ಮಾತಾಡಲು ಬಿಡುವುದಿಲ್ಲ.

ನಾನು ಚೆನ್ನಾಗಿದ್ದೇನೆ. ಕೆಲಸ ಅದೇ, ಚಪ್ಪಲಿ ಕೊಂಡವರ ದೂರುಗಳಿಗೆ ದಿನವಿಡೀ ಉತ್ತರ ಬರೆಯುವುದು. ಎಡಗಾಲಿನದು ಬಿಗಿ ಎಂದು ಒಬ್ಬಳು, ಬಲಗಾಲಿನದು ಬಂದೇ ಇಲ್ಲ ಎಂದು ಇನ್ನೊಬ್ಬ. ಎಲ್ಲರಿಗೂ ನಾನೇ ಕ್ಷಮೆ ಕೇಳಬೇಕು. ಒಮ್ಮೆ ತಲೆ ಕೆಟ್ಟು ಕೂತಿದ್ದಾಗ ಪಕ್ಕದ ಸೀಟಿನ ಶಾವೊಮಾನ್ ತನ್ನ ಫೋನ್ ತೋರಿಸಿ, “ಬೈಬೇಡ ಕಣೇ, ಇದನ್ ಬಡಿ. ಬೈದ್ರೆ ಕೆಲ್ಸ ಹೋಗತ್ತೆ, ಬಡಿದ್ರೆ ಪುಣ್ಯನಾದ್ರೂ ಬರತ್ತೆ” ಎಂದಳು. ನೀನು ಬುದ್ಧನ ಮುಂದೆ ಮಂತ್ರ ಹೇಳುವಾಗ ತಾಳಕ್ಕೆ ಕೋಲಿನಿಂದ ಬಡಿಯುತ್ತೀಯಲ್ಲ, ಅದೇ ಟೊಳ್ಳು ಮರದ ಮೀನು ಪರದೆಯ ಮೇಲೆ! ಬೆರಳು ತಾಗಿಸಿದರೆ ಟೊಕ್ ಎನ್ನುತ್ತದೆ, ‘ಪುಣ್ಯ ಒಂದು’ ಎಂದು ಮೂಡಿ ಮಾಯವಾಗುತ್ತದೆ. ನಗಬೇಡ, ನಿಜವಾಗಿಯೂ ಎದೆ ಹಗುರಾಗುತ್ತಿತ್ತು. ಆಫೀಸಿನಲ್ಲಿ ಅರ್ಧ ಜನ ಅದನ್ನೇ ಬಡಿಯುತ್ತಾರೆ, ಗುಡಿಯ ದಾರಿ ಗೊತ್ತಿಲ್ಲದವರೂ.

ವಸಂತದ ಹಬ್ಬಕ್ಕೆ ಊರಿಗೆ ಬಂದಾಗ ತೋರಿಸಿದ್ದಕ್ಕೆ ನೀನು ಎಷ್ಟು ಖುಷಿಪಟ್ಟೆ! ಅಂದಿನಿಂದ ವಾರವಾರವೂ ಎಷ್ಟಾಯಿತು ಎಂದು ಕೇಳುತ್ತೀ, ನಾನು ಪರದೆ ನೋಡಿ ಹೇಳುತ್ತೇನೆ. ಹೋದ ವಾರ ಎಂಬತ್ತು ಸಾವಿರ ಎಂದಾಗ ನೀನು ಅಂದದ್ದು ಇನ್ನೂ ಕಿವಿಯಲ್ಲಿದೆ: “ನಿನ್ ಪುಣ್ಯ ಎಲ್ಲಾ ನನ್ ಕಣ್ಣಿಗೇ ಬರ್ತಿದೆ ಕಣೇ ಪುಟ್ಟಿ. ಇನ್ನು ಆಪರೇಷನ್ ಗೀಪರೇಷನ್ ಯಾಕೆ?” ನಾನು ನಕ್ಕುಬಿಟ್ಟೆ. ಮರುದಿನ ಅತ್ತೆ ಫೋನ್ ಮಾಡಿದಳು. ನೀನು ಆಸ್ಪತ್ರೆಗೆ ಹೇಳಿ ಆಪರೇಷನ್ನನ್ನೇ ಬೇಡವೆಂದೆಯಂತೆ, ಒಲೆಯ ಅಂಚು ಕಾಣದೆ ಕೈ ಸುಟ್ಟುಕೊಂಡೆಯಂತೆ.

ಅತ್ತೆಗೂ ಗುಡಿಯ ಗೆಳತಿಯರಿಗೂ ನನ್ನ ನೆನಪು ತಿಳಿಸು. ಚಳಿ ಶುರುವಾಗಿದೆ, ಹತ್ತಿಯ ಕೋಟನ್ನು ಬಿಸಿಲಿಗೆ ಹಾಕು.

ನಿನ್ನ ಮೊಮ್ಮಗಳು,
ವೆನ್‌ಯಿ

ಮೇಲೆ ಬರೆಯಲು ಧೈರ್ಯ ಬರಲಿಲ್ಲ, ಇಲ್ಲಿ ಬರೆಯುತ್ತೇನೆ. ಆ ಮೀನು ತಾನೇ ಬಡಿದುಕೊಳ್ಳುವ ಹಾಗೆ ಮಾಡುವ ಗುಂಡಿಯೊಂದಿದೆ, ಅಜ್ಜಿ. ಮಾರ್ಚ್‌ನಿಂದ ಅದನ್ನು ಒತ್ತಿ, ಫೋನನ್ನು ಮೇಜಿನ ಖಾನೆಯಲ್ಲಿ ಹಾಕಿಡುತ್ತಿದ್ದೇನೆ. ಆ ಎಂಬತ್ತು ಸಾವಿರದಲ್ಲಿ ನಾನು ಬಡಿದದ್ದು ನೂರೂ ಇಲ್ಲ. ನಿನ್ನ ಕಣ್ಣಿಗೆ ಯಾವ ಪುಣ್ಯವೂ ಬಂದಿಲ್ಲ. ನನಗೆ ತುಂಬಾ ನಾಚಿಕೆಯಾಗಿದೆ. ಹದಿನೆಂಟಕ್ಕೆ ಆಸ್ಪತ್ರೆಯಲ್ಲಿ ಮತ್ತೆ ನಿನ್ನ ಹೆಸರು ಬರೆಸಿದ್ದೇನೆ, ಹದಿನೇಳರ ರೈಲಿಗೆ ಬರುತ್ತೇನೆ. ನಿನ್ನ ಮರದ ಮೀನನ್ನು ಒರೆಸಿಡು. ನೀನು ಒಳಗಿರುವಷ್ಟು ಹೊತ್ತೂ ಬಾಗಿಲ ಹೊರಗೆ ಕೂತು ನಾನೇ ಬಡಿಯುತ್ತೇನೆ, ನರ್ಸ್‌ಗಳು ಬೈದರೂ ಸರಿ.